ಮಾಮನ ಮುನ್ನಿಲುವು

ಗಾಲ್ಫ್ ಎಂಬ ಆಟದಲ್ಲಿ ನಮ್ಮ ಮಾಮ ಇಡೀ ಉತ್ತರ ಕನ್ನಡ ಜಿಲ್ಲೆಗೇ ಮೊದಲನೆಯವನಾಗಿದ್ದ. ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಎರಡನೆಯವರೊಬ್ಬರು ಇದ್ದರು, ಇಂಜಿನಿಯರು, ಅವರು ವರ್ಗವಾಗಿ ಹೋದರು. ಆಮೇಲೆ ಮೊದಲನೆಯವನೂ ಮಾಮನೇ, ಕೊನೆಯವನೂ ಮಾಮನೇ! ಹನ್ನೆರಡು ವರ್ಷ ಅವನು ಆ ಆಟವನ್ನು ಅಭ್ಯಾಸ ಮಾಡಿದ. ಅಷ್ಟು ವರ್ಷಗಳಲ್ಲಿ ಚೆಂಡಿಗೆ ಎಷ್ಟು ಸಲ ಹೊಡೆದ ಅಂತೀರಿ? ನಾಲ್ಕು ಸಲ. ಉಳಿದ ಕಾಲವೆಲ್ಲ ಹೊಡೆಯುವುದಕ್ಕೆ ನಿಂತುಕೊಂಡಿದ್ದ.

ನಗಬೇಡಿ. ನಿಂತುಕೊಳ್ಳುವುದು ಸುಲಭ ಎಂದು ನಿಮಗೆ ಅನ್ನಿಸಿದ್ದರೆ ಅದಕ್ಕೆ ಕಾರಣ ಒಂದೇ. ನಮ್ಮ ಮಾಮ ನಿಮ್ಮನ್ನು ದೂಡಿ ನೋಡಿಲ್ಲ.

ಮಾಮ ಎಂದರೆ ನನ್ನ ತಾಯಿಯ, ಅಂದರೆ ಆಯಿಯ, ತಮ್ಮ. ಅಂಕೋಲೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ನಾನೂ ಆಯಿಯೂ ಕಾರವಾರದಲ್ಲಿ ಇದ್ದೆವು. ನನ್ನ ತಂದೆ ನಾನು ಚಿಕ್ಕವಳಿರುವಾಗಲೇ ಹೋದವರು. ಆಯಿ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುತ್ತಿದ್ದಳು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೆ. ಆಯಿ ಮಾಮನಿಗಿಂತ ಹತ್ತು ವರ್ಷ ದೊಡ್ಡವಳು. ಅವರ ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಬೆಳೆಸಿದವಳೂ ಅವಳೇ, ಬುಟ್ಟಿ ಹೊತ್ತು ಓದಿಸಿದವಳೂ ಅವಳೇ. ಶನಿವಾರ ಶಾಲೆ ಬಿಟ್ಟ ಕೂಡಲೇ ಮಾಮ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಕೊರಳಿನ ಸೀಟಿಯನ್ನೂ ತೆಗೆಯದೆ ಬಸ್ಸು ಹತ್ತಿ, ತೋಡೂರು, ಬಿಣಗಾ ದಾಟಿ ನಮ್ಮ ಮನೆಗೆ ಬಂದುಬಿಡುತ್ತಿದ್ದ. ಮದುವೆ ಆಗಲಿಲ್ಲ. ಪಕ್ಕದ ಮನೆಯವರು ಅದಕ್ಕೊಂದು ಕಾರಣ ಹೇಳುತ್ತಿದ್ದರು: "ಮಾಸ್ತರನ ಪಕ್ಕ ಯಾವ ಹೆಂಗಸು ನಿಲ್ತಾಳೆ? ನಿಂತ್ರೆ ದೂಡ್ತಾನೆ."

ಗಾಲ್ಫ್ ನಮ್ಮ ಮನೆಗೆ ಬಂದದ್ದು ಮೀನಿನ ಬುಟ್ಟಿಯ ಮೇಲೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕದ್ರಾ ಅಣೆಕಟ್ಟಿನ ಕೆಲಸಕ್ಕೆಂದು ಬಂದಿದ್ದ ಆ ಇಂಜಿನಿಯರರ ಮನೆ ಆಯಿ ಮೀನು ಕೊಡುವ ಓಣಿಯಲ್ಲೇ ಇತ್ತು. ಅವರಿಗೆ ವರ್ಗವಾದಾಗ ಸಾಮಾನಿನ ಲಾರಿ ತುಂಬಿ, ಉದ್ದನೆಯ ಒಂದು ಚೀಲ ಹೊರಗೆ ಉಳಿಯಿತು. ಅವರ ಹೆಂಡತಿ ಅದನ್ನು ಆಯಿಯ ಕೈಗಿಟ್ಟು, "ನಿಮ್ಮ ತಮ್ಮ ಆಟದ ಮಾಸ್ತರಲ್ಲವೇ, ಇಟ್ಟುಕೊಳ್ಳಲಿ" ಎಂದರಂತೆ. ಆಯಿ ಅದನ್ನು ಖಾಲಿ ಬುಟ್ಟಿಯ ಮೇಲೆ ಅಡ್ಡಡ್ಡ ಇಟ್ಟುಕೊಂಡು ಪೇಟೆಯ ನಡುವೆ ನಡೆದು ಬಂದಳು. ಸಿಕ್ಕವರೆಲ್ಲ ಕೇಳಿದರು, "ಇದೆಂತ ಮೀನು, ಬಾಯೀ?"

"ಕಬ್ಬಿಣದ ಮೀನು. ಮುಳ್ಳು ಜಾಸ್ತಿ. ನಿಂಗೆ ಬ್ಯಾಡ."

ಚೀಲದಲ್ಲಿ ಏಳು ಕೋಲು, ಐದು ಬಿಳಿ ಚೆಂಡು, ಒಂದು ಇಂಗ್ಲಿಷ್ ಪುಸ್ತಕ ಇದ್ದವು.

ಆಯಿಯ ಸೊಂಟ ಹಿಡಿದದ್ದೂ ಅದೇ ವರ್ಷ. ಇದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮಾಮನನ್ನು ನೀವು ಬರೀ ಹುಚ್ಚನೆಂದು ತಿಳಿಯುತ್ತೀರಿ. ಬೆಳಿಗ್ಗೆ ಎದ್ದರೆ ಅವಳಿಗೆ ನೆಟ್ಟಗಾಗಲು ಅರ್ಧ ಗಂಟೆ ಬೇಕಾಗುತ್ತಿತ್ತು. ಗೋಡೆ ಹಿಡಿದು, ಕಂಬ ಹಿಡಿದು, ದೇವರನ್ನು ಬೈದು, ಕೊನೆಗೆ ಸಿಂಬಿ ತಲೆಗಿಟ್ಟು ಹೊರಡುತ್ತಿದ್ದಳು. ಡಾಕ್ಟರರು ನೋಡಿ, "ಭಾರ ಎತ್ತುವುದನ್ನು ಬಿಟ್ಟುಬಿಡಿ" ಎಂದರು.

"ಬಿಡ್ತೆ. ನಾಳೆಯಿಂದ ನೀವು ಬಂದು ಎತ್ತಿ ಕೊಡ್ತ್ರ್ಯಾ?"

ಮಾಮ ಕೈಮುಗಿದು ಬೇಡಿಕೊಂಡ. ತನ್ನ ಸಂಬಳ ಮೂವರಿಗೂ ಸಾಕು, ಇನ್ನು ಮನೆಯಲ್ಲಿ ಕೂತಿರು ಎಂದ. ಆಯಿ ಕೇಳಲಿಲ್ಲ. "ಬುಟ್ಟಿ ಇಳಿಸಿದ ದಿನ ನಾ ಮುಗ್ದೆ ಹೇಳಿ ತಿಳ್ಕೊ ತಮ್ಮಾ" ಎಂದಳು. ಅದು ಬರೀ ಹಟವಲ್ಲ. ಬುಟ್ಟಿ ತಲೆಯ ಮೇಲಿದ್ದಾಗ ಅವಳು ಕಾರವಾರದ ಯಾವ ಓಣಿಯಲ್ಲೂ ತಲೆ ಎತ್ತಿ ನಡೆಯುತ್ತಿದ್ದಳು, ಯಾರನ್ನು ಬೇಕಾದರೂ ಬೈಯುತ್ತಿದ್ದಳು. ಕೂತು ತಿನ್ನುವ ಆಯಿಯನ್ನು ನನಗೂ ಊಹಿಸಲು ಆಗುತ್ತಿರಲಿಲ್ಲ. ಮಾಮ ಮತ್ತೆ ಆ ಮಾತು ಎತ್ತಲಿಲ್ಲ. ಕೋಲಿನ ಚೀಲ ಬಿಚ್ಚಿದ.

ಪುಸ್ತಕದಲ್ಲಿ ಒಬ್ಬ ಬಿಳಿಯ ಮನುಷ್ಯ ಹೇಗೆ ನಿಲ್ಲಬೇಕು, ಕೋಲು ಹೇಗೆ ಹಿಡಿಯಬೇಕು ಎಂದು ತೋರಿಸುವ ಚಿತ್ರಗಳಿದ್ದವು. ಮಾಮ ಥೇಟು ಅವನ ಹಾಗೇ ನಿಂತ. ವಿಚಿತ್ರವೆಂದರೆ, ಹಾಗೆ ನಿಂತಾಗ ಕೋಲಿನ ಚಪ್ಪಟೆ ಮೂತಿ ಚೆಂಡಿಗೆ ಬೆನ್ನು ಹಾಕಿ ಕೂರುತ್ತಿತ್ತು! ಮೂತಿಯನ್ನು ಚೆಂಡಿನ ಕಡೆ ತಿರುಗಿಸಿದರೆ ಮಾಮನ ಮಣಿಕಟ್ಟು ಸೊಟ್ಟಗಾಗುತ್ತಿತ್ತು. ಆದರೂ ಹೊಡೆದ. ಮೊದಲನೆಯ ಚೆಂಡು ಪಕ್ಕದವರ ಬಸಲೆ ಚಪ್ಪರದಲ್ಲಿ ಮಾಯವಾಯಿತು. ಎರಡನೆಯದು ಹಿಂದಕ್ಕೆ ಹಾರಿ ಬಾವಿಗೆ ಬಿತ್ತು. ಹಿಂದಕ್ಕೆ ಹೇಗೆ ಹಾರಿತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೂರನೆಯದನ್ನು ಅಂಕೋಲೆಯ ಕಡಲ ದಂಡೆಯಲ್ಲಿ ಹೊಡೆದ, ಅದನ್ನು ಸಮುದ್ರ ತೆಗೆದುಕೊಂಡಿತು. ನಾಲ್ಕನೆಯದು ನಮ್ಮೂರಿನ ದಂಡೆಯಿಂದ ಹೊರಡುತ್ತಿದ್ದ ಒಂದು ದೋಣಿಯೊಳಗೆ ಬಿತ್ತು. ಸಂಜೆ ಕೇಳಲು ಹೋದರೆ ದೋಣಿಯವನು, "ದೇವ್ರು ಕೊಟ್ಟದ್ದು ಹೇಳಿ ಬಲೆಗೆ ಕಟ್ಟಿದ್ವಿ ಮಾಸ್ತರಾ, ಬಲೆ ಹರೀತು" ಎಂದ.

ಉಳಿದದ್ದು ಒಂದೇ ಚೆಂಡು. ಅದನ್ನೂ ಹೊಡೆದರೆ ಆಟವೇ ಮುಗಿದಂತೆ. ಕಾರವಾರದಲ್ಲಿ ಹುಡುಕಿದ, ಹುಬ್ಬಳ್ಳಿಯಿಂದ ತರಿಸಲು ನೋಡಿದ, ಸಿಗಲಿಲ್ಲ. ಕೊನೆಗೆ ಒಂದು ಗಟ್ಟಿ ತೀರ್ಮಾನಕ್ಕೆ ಬಂದ: "ಹೊಡೆಯೂದು ಮುಖ್ಯ ಅಲ್ಲ. ಹೊಡೆಯೂಕಿಂತ ಮುಂಚೆ ನಿಲ್ತೀವಲ್ಲ, ಅದು ಮುಖ್ಯ." ಚೆಂಡು ಉಳಿಸಲು ಮನುಷ್ಯ ಎಂಥ ತತ್ವಜ್ಞಾನಿಯಾಗುತ್ತಾನೆ ನೋಡಿ!

ಆದರೆ ಪುಸ್ತಕದ ಕೊನೆಯಲ್ಲಿ ಅದೇ ವಿಷಯದ ಒಂದು ಉದ್ದನೆಯ ಲೇಖನ ನಿಜವಾಗಿಯೂ ಇತ್ತು. ಯಾರೋ ವಿದ್ವಾಂಸರು ಆಟಗಾರರ ಮೈ, ಕೈಕಾಲು, ಕೀಲು ಎಲ್ಲವನ್ನೂ ಯಂತ್ರದ ಹಾಗೆ ಅಳೆದು ಬರೆದದ್ದು. ಮಾಮ ಡಿಕ್ಷನರಿ ಇಟ್ಟುಕೊಂಡು ಅದನ್ನು ಓದಿ ಮುಗಿಸಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಅದರ ಸಾರ ಇಷ್ಟು: ಎಲ್ಲರಿಗೂ ಹೊಂದುವ ಒಂದು ನಿಲುವು ಎಂಬುದೇ ಇಲ್ಲ. ಒಬ್ಬನ ತೋಳು ಉದ್ದ, ಒಬ್ಬನ ಸೊಂಟ ಅಗಲ, ಒಬ್ಬನ ಬಲ ಹಿಂಗಾಲಿನಲ್ಲಿ, ಇನ್ನೊಬ್ಬನದು ಮುಂಗಾಲಿನಲ್ಲಿ. ಅವರವರ ಮೈ ಕೇಳುವ ನಿಲುವನ್ನು ಅವರವರೇ ಹುಡುಕಿಕೊಳ್ಳಬೇಕು. ಮಾಮ ಕುಣಿದಾಡಿದ. ಪುಸ್ತಕದ ಬಿಳಿಯನ ಹಾಗೆ ನಿಂತರೆ ತನಗೆ ಯಾಕೆ ಹೊಂದಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತ್ತು. "ಅವ್ನ ಮೈ ಬೇರೆ, ನನ್ನ ಮೈ ಬೇರೆ!" ಕೆಲಸಕ್ಕೆ ಮುಂಚಿನ ಈ ನಿಲುವಿಗೆ ಅವನೇ ಒಂದು ಹೆಸರಿಟ್ಟ: ಮುನ್ನಿಲುವು.

ನಾನು ಹೊಲಿಗೆಯವಳು. ಎರಡು ಮೈ ಒಂದೇ ಅಳತೆಯದಲ್ಲ ಎಂಬುದು ನನಗೆ ಡಿಕ್ಷನರಿ ಇಲ್ಲದೆಯೇ ಗೊತ್ತಿತ್ತು. ಹೇಳಿದೆ ಕೂಡ. ಮಾಮ ಸಂತೋಷದಿಂದ, "ಹೌದಲ್ಲೇ! ನೀನೂ ಇದೇ ಶಾಸ್ತ್ರದವಳು" ಎಂದು ನನ್ನ ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು ಅಂಕೋಲೆಗೆ ಹೋಗಿಬಿಟ್ಟ. ಆ ವಾರ ಮೂರು ರವಿಕೆ ಅಂದಾಜಿನ ಮೇಲೆ ಹೊಲಿದೆ. ಮೂರೂ ವಾಪಸು ಬಂದವು.

ದೂಡುವ ಪರೀಕ್ಷೆ ಶುರುವಾದದ್ದು ಆಗ. ಕಾಲುಗಳನ್ನು ಇಷ್ಟು ಅಗಲ ಇಟ್ಟು ನಿಲ್ಲಿಸುವುದು, ಭುಜಕ್ಕೆ ಒಂದು ಬೆರಳಿನಿಂದ ದೂಡುವುದು. ಅಲುಗಾಡಿದರೆ ಕಾಲು ಇನ್ನೊಂದು ಇಂಚು ಆಚೆ, ಮತ್ತೆ ದೂಡುವುದು. ಯಾವ ಅಗಲದಲ್ಲಿ ಮೈ ಕಂಬದ ಹಾಗೆ ನಿಲ್ಲುತ್ತದೋ ಅದು ಆ ಮನುಷ್ಯನ ಮುನ್ನಿಲುವು. ಶಾಸ್ತ್ರ ಸರಿಯೇ. ಆದರೆ ಶಾಸ್ತ್ರಕ್ಕೆ ಜನ ಬೇಕಲ್ಲ? ಮಾಮ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತವರನ್ನು ದೂಡತೊಡಗಿದ. ಒಬ್ಬ ಕಂಡಕ್ಟರ್ ಟಿಕೆಟ್ ಚೀಲದ ಸಮೇತ ಪಕ್ಕದವರ ತೊಡೆಯ ಮೇಲೆ ಕೂತ. ಎದ್ದು ಅಂಗಿ ಹಿಡಿದು, "ಎಂತಕೆ ದೂಡ್ದೆ?" ಎಂದು ಗರ್ಜಿಸಿದ. ಮಾಮ ಶಾಂತವಾಗಿ ಟೇಪು ತೆಗೆದು ಅವನ ಕಾಲಿನ ನಡುವೆ ಅಳೆದ. "ನೀವು ಮೂರು ಇಂಚು ಕಡ್ಮೆ ಇಡ್ತ್ರಿ. ಸಾಯಂಕಾಲ ಮೊಳಕಾಲು ನೋಯ್ತದೆ ಅಲ್ಲ?"

ಕಂಡಕ್ಟರನ ಕೈ ಅಂಗಿಯಿಂದ ಸಡಿಲಾಯಿತು. "ನೋಯ್ತದೆ ಮಾರಾಯಾ. ನಿಂಗೆ ಹ್ಯಾಂಗೆ ಗೊತ್ತಾಯ್ತು?"

ಅಂದಿನಿಂದ ಅಂಕೋಲೆಯ ಬಸ್ಸಿನಲ್ಲಿ ಮಾಮನಿಗೆ ಕಿಟಕಿಯ ಪಕ್ಕದ ಸೀಟು ಖಾಯಂ.

ಶಾಲೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ಒಂದು ವರ್ಷ ತಪಾಸಣೆಗೆ ಇನ್‌ಸ್ಪೆಕ್ಟರರು ಬಂದರು. ಕವಾಯತು ಶುರುವಾಯಿತು. ಮಾಮ ಸೀಟಿ ಊದಿ "ಸಾವಧಾನ್!" ಎಂದ. ಇನ್ನೂರು ಮಕ್ಕಳು ಇನ್ನೂರು ರೀತಿಯಲ್ಲಿ ನಿಂತರು. ಒಬ್ಬನ ಕಾಲು ಕೂಡಿದೆ, ಒಬ್ಬಳದು ಮೊಳ ಅಗಲ, ಒಬ್ಬ ಸ್ವಲ್ಪ ಓರೆ, ಒಬ್ಬ ಮೊಳಕಾಲು ಮಡಚಿದ್ದಾನೆ.

"ಇದೇನು ಮಾಸ್ತರೇ? ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದಾರೆ!"

"ಸಾಹೇಬ್ರೇ, ಎಲ್ಲರಿಗೂ ಒಂದೇ ಅಳತೆಯ ಚಡ್ಡಿ ಹೊಲಿಸ್ತ್ರ್ಯಾ? ಇಲ್ಲ ಅಲ್ಲ? ಮತ್ತೆ ಒಂದೇ ಅಳತೆಗೆ ನಿಲ್ಸೂದು ಎಂತಕೆ?"

ಇಷ್ಟಕ್ಕೇ ನಿಲ್ಲಿಸಿದ್ದರೆ ನೌಕರಿಗೆ ಕ್ಷೇಮವಾಗಿತ್ತು. ಮಾಮ ನಿಲ್ಲಿಸಲಿಲ್ಲ. ಸಾಹೇಬರನ್ನು ಸಾವಧಾನದಲ್ಲಿ ನಿಲ್ಲಲು ಕೇಳಿಕೊಂಡ. ಪಾಪ, ಅವರು ಹಿಮ್ಮಡಿ ಕೂಡಿಸಿ ಎದೆ ಉಬ್ಬಿಸಿ ನಿಂತರು. ಮಾಮ ಒಂದು ಬೆರಳು ಇಟ್ಟ. ಇನ್‌ಸ್ಪೆಕ್ಟರರು ಹೆಡ್‌ಮಾಸ್ತರರ ಮೇಲೆ, ಹೆಡ್‌ಮಾಸ್ತರರು ಹೂವಿನ ಕುಂಡದ ಮೇಲೆ! ಮಾಮ ಸಾಹೇಬರ ಮಣ್ಣು ಕೊಡವಿ, ಎಬ್ಬಿಸಿ, ಕಾಲು ಒಂದು ಗೇಣು ಅಗಲಿಸಿ, ಬಲಪಾದ ಸ್ವಲ್ಪ ಹೊರಗೆ ತಿರುಗಿಸಿ ನಿಲ್ಲಿಸಿದ. ಈ ಸಲ ಎರಡೂ ಕೈಯಿಂದ ದೂಡಿದ. ಸಾಹೇಬರು ಅಲ್ಲಾಡಲಿಲ್ಲ. ತಮ್ಮ ಕಾಲನ್ನು ತಾವೇ ಬಗ್ಗಿ ನೋಡಿಕೊಂಡು, "ಇನ್ನೊಮ್ಮೆ ದೂಡಿ" ಎಂದರು.

ಅವರು ಬರೆದು ಹೋದ ಷರಾ ಹೀಗಿತ್ತು: "ಶಿಸ್ತು ಸಾಲದು. ಸಮತೋಲ ಉತ್ತಮ."

ಇನ್ನು ನನ್ನನ್ನು ನೋಡಲು ವರ ಬಂದ ದಿನದ್ದು. ಹುಡುಗನಿಗೆ ಬಿಣಗಾದ ಕಡೆ ಕೆಲಸ. ಮೆತ್ತನೆಯ ಮಾತು. ಅವಲಕ್ಕಿಯ ಪಿಂಗಾಣಿ ಬಸಿ ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಿಂತಿದ್ದ. ಒಳಗಿನಿಂದ ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಮಾಮ ಮೆಲ್ಲಗೆ ಅವನ ಹಿಂದೆ ಹೋಗುವುದು ಕಂಡಿತು. "ಮಾಮಾ, ಬೇಡ!" ಎನ್ನುವಷ್ಟರಲ್ಲಿ ಅವಲಕ್ಕಿ ಅಂಗಳದಲ್ಲಿ, ವರ ಅವಲಕ್ಕಿಯ ಮೇಲೆ. ಅವನ ತಾಯಿ ಎದ್ದು ನಿಂತರು. ಆಯಿ ತಲೆಗೆ ಕೈ ಇಟ್ಟುಕೊಂಡಳು. ಮಾಮ ಮಾತ್ರ ಆಯಿಯ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದ: "ಒಳ್ಳೆ ಹುಡ್ಗ. ಬೀಳುವಾಗ ಬಸಿ ಒಡೆಯೂಕೆ ಬಿಡ್ಲಿಲ್ಲ."

ನಿಜ, ಬಸಿ ಅವನ ಎರಡೂ ಕೈಯಲ್ಲಿ ಭದ್ರವಾಗಿತ್ತು. ಅದೇ ಹುಡುಗ ಈಗ ನನ್ನ ಗಂಡ. ಇಂದಿಗೂ ಯಾರಾದರೂ ಹಿಂದಿನಿಂದ ಬಂದರೆ ತಟ್ಟನೆ ಕಾಲು ಅಗಲಿಸಿ ನಿಲ್ಲುತ್ತಾರೆ.

ಇಷ್ಟು ಜನರನ್ನು ದೂಡಿದ ಮಾಮ ಆಯಿಯನ್ನು ಮಾತ್ರ ದೂಡಿರಲಿಲ್ಲ. ಅಷ್ಟು ಧೈರ್ಯ ಯಾರಿಗಿದೆ? ಅವನು ಮಾಡಿದ್ದು ಬೇರೆ. ಒಂದು ಭಾನುವಾರ ಬೆಳಿಗ್ಗೆ ಅವಳ ಹಿಂದೆಯೇ ಬಂದರಿಗೆ ಹೋದ, ಅಲ್ಲಿಂದ ಓಣಿ ಓಣಿ ಸುತ್ತಿದ. ಮಧ್ಯಾಹ್ನ ವಾಪಸು ಬಂದಾಗ ಅವನ ಮುಖ ಕಪ್ಪಿಟ್ಟಿತ್ತು. ಊಟಕ್ಕೆ ಕೂತವನು ಬಂಗಡೆ ಮೀನನ್ನು ಮುಟ್ಟಲಿಲ್ಲ.

ಅವನು ಕಂಡದ್ದು ಇದು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸುವ ಪದ್ಧತಿ ಇಲ್ಲ. ಬಂದರಿನಲ್ಲಿ ಹೆಂಗಸರು ಒಬ್ಬರಿಗೊಬ್ಬರು ಕೈ ಕೊಟ್ಟು ಹೊರಿಸುತ್ತಾರೆ. ಆದರೆ ಓಣಿಗೆ ಬಂದ ಮೇಲೆ? ಪ್ರತಿ ಮನೆಯ ಮುಂದೆ ಇಳಿಸಬೇಕು, ಮೀನು ತೋರಿಸಬೇಕು, ಚೌಕಾಶಿ ಮುಗಿಸಿ ಮತ್ತೆ ಎತ್ತಬೇಕು. ಮೀನು ಕೊಂಡವರು ಆಗಷ್ಟೇ ಮಿಂದು ಮಡಿಯಾಗಿ ಬಂದವರು. ನೀರು ಸೋರುವ ಬುಟ್ಟಿಗೆ ಕೈ ಹಾಕುವುದಿಲ್ಲ. ಮೀನು ತಿನ್ನುವ ಬಾಯಿ ಎಲ್ಲ ಮನೆಯಲ್ಲೂ ಉಂಟು, ಬುಟ್ಟಿ ಮುಟ್ಟುವ ಕೈ ಒಂದು ಮನೆಯಲ್ಲೂ ಇಲ್ಲ. ಅವರು ಕೆಟ್ಟವರೆಂದು ಅಲ್ಲ, ಅದು ರೂಢಿ. ಆಯಿಗೂ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಮಾಮ ಎಣಿಸಿದ್ದ: ಇಳಿಸಿದ್ದು ಹದಿನೇಳು ಸಲ, ಒಬ್ಬಳೇ ಎತ್ತಿದ್ದು ಹದಿನೇಳು ಸಲ.

"ಅಕ್ಕಾ, ಹೊರೂದ್ರಿಂದ ಅಲ್ಲ ನಿನ್ನ ಸೊಂಟ ಹೋದದ್ದು. ಎತ್ತೂದ್ರಿಂದ. ನಿನ್ನ ಮುನ್ನಿಲುವು ತಪ್ಪು."

"ಎಂತ ತಪ್ಪು? ಮೂವತ್ತು ವರ್ಷದಿಂದ ಎತ್ತುತೆ."

"ಮೂವತ್ತು ವರ್ಷದಿಂದ ತಪ್ಪು!"

ಪಿ.ಟಿ. ಮಾಸ್ತರ ಮೀನುಗಾರ್ತಿಗೆ ಬುಟ್ಟಿ ಎತ್ತಲು ಕಲಿಸುವುದೇ? ಆಯಿ ಎದ್ದು ನಿಂತಳು. ಮಾಮನ ಎದೆಗೆ ಎರಡೂ ಅಂಗೈ ಇಟ್ಟು ದೂಡಿದಳು. ಜಿಲ್ಲೆಯನ್ನೇ ದೂಡಿದ ಮನುಷ್ಯ ಅಂಗಳದ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಕಾಲು ಮೇಲಾಗಿ ಬಿದ್ದ. ಬಿದ್ದಲ್ಲಿಂದಲೇ ಕಿರುಚಿದ:

"ಎಡಗಾಲು! ಅಕ್ಕಾ, ದೂಡುವಾಗ ನೀ ಎಡಗಾಲು ಮುಂದೆ ಇಟ್ಟಿ! ಎತ್ತುವಾಗ ಬಲಗಾಲು ಇಡ್ತಿ. ನಿನ್ನ ಬಲ ಇರೂದು ಎಡದಲ್ಲಿ!"

ಆಯಿ ಕೆಳಗೆ ನೋಡಿದಳು. ಅವಳ ಎಡಗಾಲು ಮುಂದೆಯೇ ಇತ್ತು.

ವಿಷಯ ಇಷ್ಟು ಸರಳ. ಬಂದರಿನಲ್ಲಿ ಎಲ್ಲರೂ ಬಲಗಾಲು ಮುಂದಿಟ್ಟು ಎತ್ತುತ್ತಾರೆ, ಹುಡುಗಿಯಾಗಿದ್ದಾಗ ಆಯಿ ಅದನ್ನು ನೋಡಿ ಕಲಿತಳು. ಅವಳ ಮೈಗೆ ಅದು ಹೊಂದುತ್ತದೆಯೇ ಎಂದು ಕೇಳಿದವರು ಯಾರು? ಮಾಮ ಬುಟ್ಟಿಗೆ ಮರಳು ತುಂಬಿಟ್ಟು ತೋರಿಸಿದ. ಎಡಗಾಲು ಮುಂದೆ, ಕಾಲು ಇಷ್ಟು ಅಗಲ, ಬುಟ್ಟಿ ಹೊಟ್ಟೆಗೆ ತಾಗಿಸಿ, ತೊಡೆಯ ಮೇಲೆ ಒಂದು ಉಸಿರು ನಿಲ್ಲಿಸಿ, ಆಮೇಲೆ ಮೇಲಕ್ಕೆ. ಆಯಿ ನೋಡಲೇ ಇಲ್ಲ, ಎದ್ದು ಪಾತ್ರೆ ತೊಳೆಯಲು ಹೋದಳು. ಮಾಮ ಸಂಜೆಯ ಬಸ್ಸಿಗೆ ಹೋದ. ಬುಧವಾರವೋ ಗುರುವಾರವೋ, ನಾನು ಯಂತ್ರದ ಹಿಂದೆ ಕೂತಿರುವುದನ್ನು ಮರೆತು ಆಯಿ ಆ ಮರಳಿನ ಬುಟ್ಟಿಯ ಮುಂದೆ ನಿಂತಳು. ಸೆರಗು ಸಿಕ್ಕಿಸಿದಳು. ಎಡಗಾಲು ಮುಂದಿಟ್ಟಳು. ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಸೊಂಟ ಮುಟ್ಟಿ ನೋಡಿಕೊಂಡಳು. ನಾಲ್ಕನೆಯ ಸಲ ಎತ್ತಿ ಅಲ್ಲೇ ಅಂಗಳದಲ್ಲಿ ಒಂದು ಸುತ್ತು ನಡೆದಳು.

ಶನಿವಾರ ಮಾಮ ಕೇಳಿದ, "ನೋಡ್ದ್ಯಾ ಅಕ್ಕಾ?"

"ನಂಗೆ ಬೇರೆ ಕೆಲ್ಸ ಇಲ್ಲ್ಯಾ?" ಎಂದಳು. ಆದರೆ ಆ ದಿನ ಅವನಿಗೆ ಬಡಿಸಿದ್ದು ಶೆಟ್ಲಿ. ಸಿಗಡಿಗೆ ನಮ್ಮಲ್ಲಿ ಹಾಗೆನ್ನುತ್ತೇವೆ. ಅವು ಮಾರುವುದಕ್ಕಿದ್ದವು, ತಿನ್ನುವುದಕ್ಕಲ್ಲ.

ಗೆದ್ದ ಮಾಮ ಸುಮ್ಮನಿರುತ್ತಾನೆಯೇ? ನೆಲದಿಂದ ಎತ್ತುವುದಕ್ಕಿಂತ ತೊಡೆಯೆತ್ತರದಿಂದ ಎತ್ತಿದರೆ ಭಾರ ಅರ್ಧವಾಗುತ್ತದೆ ಎಂದು ಆ ಹದಿನೇಳು ಮನೆಗಳ ಗೇಟಿನ ಪಕ್ಕ ಚಿರೆಕಲ್ಲು ಪೇರಿಸಿ ಹದಿನೇಳು ಕಟ್ಟೆ ಮಾಡಿದ. ನನ್ನ ಟೇಪಿನಿಂದ ಆಯಿಯ ತೊಡೆ ಅಳೆದು, ಬೆಳಗಾಗುವುದರೊಳಗೆ ಸೈಕಲ್ಲಿನಲ್ಲಿ ಕಲ್ಲು ಸಾಗಿಸಿ ಇಟ್ಟ. ಮನೆಯವರು ಬಾಗಿಲು ತೆಗೆದು ನೋಡಿದರೆ ಗೇಟಿನಲ್ಲಿ ಕಲ್ಲು ಎದ್ದು ನಿಂತಿದೆ! ಕೆಲವರು ಬೈದರು, ಕೆಲವರು ಹಾಲಿನ ಚೆಂಬು ಇಡಲು ಆಯಿತೆಂದು ಸುಮ್ಮನಾದರು. ಒಂದು ಮನೆಯ ಅಜ್ಜಿ ಮಾತ್ರ, ರಾತ್ರೋರಾತ್ರಿ ತಾನಾಗಿ ಬಂದ ಕಲ್ಲು ಸಾಮಾನ್ಯದ್ದಲ್ಲ ಎಂದು ಅರಿಸಿನ ಕುಂಕುಮ ಹಚ್ಚಿ, ದಾಸವಾಳ ಏರಿಸಿ, ಕೈಮುಗಿದರು. ಆಯಿ ಬುಟ್ಟಿ ಇಡಲು ಹೋದಾಗ ಅಜ್ಜಿ ಕಿರುಚಿಕೊಂಡರು: "ಬಾಯೀ, ದೇವರ ತಲೆ ಮೇಲೆ ಮೀನು ಇಡ್ತ್ಯಾ?"

ಹದಿನೇಳರಲ್ಲಿ ಒಂದು ಕಟ್ಟೆ ಹೀಗೆ ದೇವರ ಪಾಲಾಯಿತು. ಮಾಮ ಬೇಸರಪಡಲಿಲ್ಲ. "ಅಡ್ಡಿಲ್ಲ. ದೇವ್ರ ಮುಂದೆ ಒಂದು ಸಲ ನೆಲದಿಂದ ಎತ್ತು" ಎಂದ. ಬೇರೆ ಮೀನುಗಾರ್ತಿಯರೂ ಬಂದು ಗಂಟುಬಿದ್ದರು. "ಮಾಸ್ತರಾ, ನಾ ನಿನ್ನಕ್ಕನಿಗಿಂತ ಉದ್ದ. ನಂಗೆ ಇನ್ನೊಂದು ಕಲ್ಲು ಮೇಲೆ ಇಡು." "ನಾ ಗಿಡ್ಡ ಅದ್ನೆ, ನಂಗೆ ಒಂದು ತೆಗಿ." ಕೊನೆಗೆ ಒಂದೊಂದು ಗೇಟಿನಲ್ಲೂ ಮೂರು ಎತ್ತರದ ಕಟ್ಟೆಗಳು, ಮೆಟ್ಟಿಲಿನ ಹಾಗೆ. ಎಲ್ಲಿಗೂ ಹತ್ತದ ಮೆಟ್ಟಿಲು! ಹೊಸಬರು ಬಂದವರು ಇದು ಕಾರವಾರದ ಕಟ್ಟಡ ಶೈಲಿ ಎಂದು ತಿಳಿದಿರಬೇಕು. ಆಯಿಯಂತೂ ಆಮೇಲೆ ಹತ್ತು ವರ್ಷ ಬುಟ್ಟಿ ಇಳಿಸಿ ಮನೆಯಲ್ಲಿ ಕೂರಲಿಲ್ಲ. ಬೆಳಿಗ್ಗೆ ಗೋಡೆ ಹಿಡಿಯುವುದು ನಿಂತಿತು. ದೇವರನ್ನು ಬೈಯುವುದು ನಿಲ್ಲಲಿಲ್ಲ, ಅದು ಸೊಂಟಕ್ಕೆ ಸಂಬಂಧಿಸಿದ್ದಲ್ಲ.

ತೊಂಬತ್ತರ ದಶಕ ಮುಗಿದ ಮೇಲೆ ಒಂದು ಸಂಜೆ, ನಾನು ಜೊತೆಗಿದ್ದಾಗ, ಮಾಮ ನಮ್ಮೂರಿನ ದಂಡೆಯಲ್ಲಿ ತನ್ನ ಐದನೆಯ ಚೆಂಡಿನ ಮುಂದೆ ಎಂದಿನಂತೆ ನಿಂತಿದ್ದ. ನೌಕಾಪಡೆಯ ಅಧಿಕಾರಿಯೊಬ್ಬರು ಓಡುತ್ತ ಬಂದವರು ನಿಂತರು. ಐದು ನಿಮಿಷ ಕಾದರು. ಮಾಮ ಹೊಡೆಯಲಿಲ್ಲ. ಇನ್ನೂ ಐದು ನಿಮಿಷ ಕಾದು, ಕೊನೆಗೆ ತಡೆಯಲಾರದೆ ಹತ್ತಿರ ಬಂದು ಕೋಲು ನೋಡಿ ಹಿಂದಿಯಲ್ಲಿ ಹೇಳಿದರು, "ಮಾಸ್ತರ್‌ಜೀ, ಇದು ಎಡಗೈಯವರು ಆಡುವ ಕೋಲು."

ಹೌದು! ಆ ಇಂಜಿನಿಯರರು ಎಡಗೈಯವರು. ಮಾಮ ಬಲಗೈಯವನು. ಇಷ್ಟು ವರ್ಷ ಕೋಲಿನ ಮೂತಿ ಚೆಂಡಿಗೆ ಬೆನ್ನು ಹಾಕಿದ್ದಕ್ಕೆ ಮಾಮನ ತೋಳೂ ಕಾರಣವಲ್ಲ, ಸೊಂಟವೂ ಕಾರಣವಲ್ಲ. ಅಧಿಕಾರಿಗಳು ಎಡಗೈಯವರು ನಿಲ್ಲುವ ಹಾಗೆ ನಿಂತು, "ನೋಡಿ, ಹೀಗೆ" ಎಂದು ಒಂದು ಬೀಸು ಬೀಸಿದರು. ಟಣ್ ಎಂದು ಚೆಂಡು ಹಾರಿತು. ಎಷ್ಟು ಚೆಂದ ಹಾರಿತು ಅಂತೀರಿ! ದೋಣಿಗಳ ಮೇಲಿಂದ ಹೋಗಿ ನೀರಿನಲ್ಲಿ ಬಿತ್ತು. ಹನ್ನೆರಡು ವರ್ಷದ ಸಂಶೋಧನೆಯ ಕೊನೆಯ ಚೆಂಡು! ನಾನು ಮಾಮನ ಮುಖ ನೋಡಿದೆ. ಅವನು ಚೆಂಡನ್ನು ನೋಡಿರಲೇ ಇಲ್ಲ. ಅಧಿಕಾರಿಯ ಪಾದವನ್ನೇ ನೋಡುತ್ತ, "ನೀವು ಇನ್ನೊಂದು ಇಂಚು ಅಗಲಿಸ್ಬೇಕು" ಎಂದ.

ಮನೆಗೆ ಬರುವಾಗ ನಾನು ಮೆಲ್ಲಗೆ ಕೇಳಿದೆ, "ಮಾಮಾ, ಹಾಗಾದ್ರೆ ಶುರುವೇ ತಪ್ಪಾಗಿತ್ತಲ್ಲ?"

"ಶುರು ತಪ್ಪು. ಅದ್ಕೆಂತ? ನಿನ್ನ ಆಯಿ ಬೆಳಿಗ್ಗೆ ನೆಟ್ಟಗೆ ಏಳ್ತಾಳೆ ಅಲ್ಲ?"

ಇವತ್ತಿಗೂ ನನ್ನ ಮಟ್ಟಿಗೆ ಮಾಮ ಹೇಳಿದ್ದೇ ಸರಿ.

ಅದಾದ ಮೂರು ವರ್ಷಕ್ಕೆ ಅವನಿಗೆ ಹೊಟ್ಟೆಯ ಕಾಯಿಲೆ ಬಂತು. ಐವತ್ತು ಇನ್ನೂ ತುಂಬಿರಲಿಲ್ಲ. ಕಾರವಾರದ ಆಸ್ಪತ್ರೆಯಲ್ಲಿ ಮಲಗಿಸಿದೆವು. ದಿನದಿನಕ್ಕೆ ಇಳಿಯುತ್ತ ಹೋದ. ಮಾತು ಕಡಿಮೆಯಾಯಿತು. ಆದರೆ ಒಂದು ಮಾತನ್ನು ಮಾತ್ರ ನರ್ಸಿಗೆ, ನನಗೆ, ನನ್ನ ಗಂಡನಿಗೆ, ಬಂದವರಿಗೆಲ್ಲ ಹೇಳಿಟ್ಟಿದ್ದ: "ಅಕ್ಕ ನನ್ನ ಎತ್ತೂದು ಬ್ಯಾಡ. ಅವ್ಳ ಸೊಂಟ ಈಗ ಚಲೋ ಅದೆ."

ಒಂದು ಬೆಳಿಗ್ಗೆ ಹಾಸಿಗೆ ಬದಲಿಸಬೇಕಿತ್ತು. ನಾನೂ ನರ್ಸೂ ಆಚೆ ಈಚೆ ನಿಂತು ಎತ್ತಲು ನೋಡಿದೆವು. ಎಲ್ಲಿ ಮುಟ್ಟಿದರೂ ಅವನಿಗೆ ನೋವು, ನರಳಿದ. ಮತ್ತೆ ನೋಡಿದೆವು, ಮತ್ತೆ ನರಳಿದ. ಆಯಿ ಮೂಲೆಯ ಸ್ಟೂಲಿನಿಂದ ಎದ್ದು ಬಂದಳು.

"ಆಚೆ ಸರೀರಿ."

"ಅಕ್ಕಾ, ನೀ ಬ್ಯಾಡ" ಎಂದ ಮಾಮ. ಸ್ವರ ಹೊರಡಲಿಲ್ಲ, ತುಟಿ ಮಾತ್ರ ಅಲುಗಿತು.

"ಸುಮ್ನಿರು."

ಸೆರಗು ಸಿಕ್ಕಿಸಿದಳು. ಮಂಚಕ್ಕೆ ತಾಗಿ ನಿಂತಳು. ಒಂದು ತೋಳು ಅವನ ಬೆನ್ನಿನ ಕೆಳಗೆ, ಒಂದು ಮೊಳಕಾಲಿನ ಕೆಳಗೆ ಹಾಕಿ, ಅವನನ್ನು ಹೊಟ್ಟೆಗೆ ತಾಗಿಸಿಕೊಂಡು ಎತ್ತಿದಳು. ಅವನು ನರಳಲಿಲ್ಲ. ನರ್ಸು ಹಾಸಿಗೆಯ ಬಟ್ಟೆ ಎಳೆದು, ಹೊಸದು ಹಾಸಿ, ನಾಲ್ಕು ಮೂಲೆ ಮಡಚುವವರೆಗೂ ಆಯಿ ಹಾಗೇ ನಿಂತಿದ್ದಳು. ಅವನು ಅವಳ ಭುಜಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದ. ಅವಳ ನಿಲುವಿನಲ್ಲಿ ಏನೂ ತಿದ್ದಲಿಲ್ಲ.

ಆಮೇಲೆ ಹನ್ನೊಂದು ದಿನ, ಅವನು ಇರುವವರೆಗೂ, ಅವನನ್ನು ಬೇರೆ ಯಾರೂ ಎತ್ತಲಿಲ್ಲ. ಎತ್ತಲು ಆಯಿ ಬಿಡಲಿಲ್ಲ.

ಆ ಮೊದಲನೆಯ ದಿನ ಅವನನ್ನು ಮಲಗಿಸಿ, ಹೊದಿಸಿ, ಆಯಿ ಹೊರಗಿನ ವರಾಂಡಕ್ಕೆ ಬಂದಳು. ನಾನು ಹಿಂದೆಯೇ ಓಡಿದೆ. "ಆಯಿ, ಸೊಂಟ ನೋಯ್ತದ್ಯಾ?"

"ಎಂತ ನೋವು?" ಎಂದಳು ಆಯಿ. ಕಿಟಕಿಯ ಸರಳು ಹಿಡಿದು ನೆಟ್ಟಗಾದಳು. "ಸಣ್ಣವನಿರುವಾಗ ಇದ್ಕಿಂತ ಭಾರ ಇದ್ದ."